ಮೂರು ಮೀಟರು, ಒಂದು ಫೋನು

ಮಗಳಿಗೆ ದಿನ ತುಂಬಿದೆ. "ಅಮ್ಮಾ, ಈ ಸಲವಾದ್ರೂ ಬಾ" ಅಂತ ಫೋನಿನ ಮೇಲೆ ಫೋನು. ಅಮ್ಮನೋ, ಕೋಳಿಮರಿಗಳ ಶೆಡ್ಡು ಬಿಟ್ಟು ಕದಲುವ ಹಾಗಿಲ್ಲ. ಕಾವಿಗೊಂದು ಮೀಟರು, ನೀರಿನ ಟ್ಯಾಂಕಿಗೊಂದು, ಫ್ಯಾನಿಗೊಂದು. ಮೂರೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಮೂಲೆಯಲ್ಲಿ; ಗಂಟೆಗೊಮ್ಮೆ ಓಡಾಡಿ ನೋಡುತ್ತಿರಬೇಕು. ಮೊದಲ ಮೊಮ್ಮಗು ಹುಟ್ಟಿದಾಗಲೂ ಅವಳಿಗೆ ಹೋಗಲಾಗಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಪಕ್ಕದ ಮನೆಯಾಕೆ ಎಲೆಕ್ಟ್ರಿಷಿಯನ್. ಅವಳೇ ಹೇಳಿದಳು: "ಅಕ್ಕಾ, ಮೂರನ್ನೂ ಒಂದೇ ಪೆಟ್ಟಿಗೆಗೆ ಸೇರಿಸ್ತೀನಿ. ಹಳೇ ಮೀಟರ್ ಎಸೀಬೇಕಿಲ್ಲ, ಸಣ್ಣದೊಂದು ಸಾಧನ ಜೋಡಿಸಿದ್ರೆ ಆಯ್ತು. ಪೆಟ್ಟಿಗೆ ಎಲ್ಲಾನೂ ಇಂಟರ್ನೆಟ್ಟಲ್ಲಿ ದೂರದ ಕಂಪ್ಯೂಟರಿಗೆ ಕಳಿಸುತ್ತೆ. ಅದನ್ನೇ ಕ್ಲೌಡ್ ಅನ್ನೋದು. ನೀವೆಲ್ಲಿದ್ರೂ ಫೋನಲ್ಲಿ ನೋಡ್ಬಹುದು. ಕಾವು ಏರಿದ್ರೆ, ಫ್ಯಾನ್ ನಿಂತ್ರೆ ಫೋನೇ ಕೂಗುತ್ತೆ."

ಗಂಡ ಮೂಗು ಮುರಿದ. "ನಾನಿಲ್ವಾ ಇಲ್ಲಿ?"

"ಇರ್ತೀರಿ. ಕಣ್ಣು ಮುಚ್ಕೊಂಡಿರ್ತೀರಿ" ಅಂದಳು ಹೆಂಡತಿ.

ಎಲ್ಲ ಜೋಡಿಸಿದ್ದಾಯ್ತು. ಮರುದಿನ ಮಧ್ಯಾಹ್ನ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿವೆ, ಫೋನು ಮಾತ್ರ ತೆಪ್ಪಗಿದೆ. ನೋಡಿದರೆ, ಕಾವಿನ ಮೀಟರಿಗೆ ಹೊಸದಾಗಿ ಜೋಡಿಸಿದ್ದ, ಕಾವು ಅಳೆಯುವ ಸೆನ್ಸರ್ ಬಾಗಿಲ ಮೇಲೆ ಗಾಳಿಯಲ್ಲಿ ತೂಗಾಡುತ್ತಿದೆ, ಮೈತುಂಬ ಪ್ಲಾಸ್ಟಿಕ್ ಕವರು!

"ಹೊಸ ಸಾಮಾನು, ಗಲೀಜಾಗ್ಬಾರ್ದು ಅಂತ ನಾನೇ ಮೇಲೆ ಕಟ್ಟಿದೆ" ಎಂದು ಗಂಡ ತಲೆ ಕೆರೆದುಕೊಂಡ.

ಪಕ್ಕದ ಮನೆಯಾಕೆ ಬೈಯಲಿಲ್ಲ. "ನಮ್ಮನೇ ಸೋಫಾದ ಕವರೂ ಇನ್ನೂ ತೆಗೆದಿಲ್ಲ ಬಿಡಿ ಅಣ್ಣ. ಆದ್ರೆ ಇದು ಮರಿಗಳ ಬೆನ್ನಿನ ಎತ್ತರಕ್ಕಿರ್ಬೇಕು. ಅವಕ್ಕೆ ಆಗೋ ಸೆಕೆ ಇದಕ್ಕೂ ಗೊತ್ತಾಗ್ಬೇಕು." ಕವರು ಬಿಚ್ಚಿ ಕೆಳಗಿಳಿಸಿದಳು. ಗಂಡ ಹೆಂಡತಿ ಇಬ್ಬರ ಫೋನುಗಳೂ ಒಟ್ಟಿಗೆ ಕೂಗಿದವು. ಓಡಿಹೋಗಿ ಎಲ್ಲ ಫ್ಯಾನೂ ಹಾಕಿದರು. ಮರಿಗಳು ಉಳಿದವು.

ಅಮ್ಮ ಮಗಳ ಊರಿಗೆ ಹೊರಟಳು. ಹೆರಿಗೆ ಕೋಣೆಯ ಹೊರಗೆ ಕೂತಿದ್ದಾಗ ಫೋನು ಕೂಗಿತು: ಫ್ಯಾನ್ ನಿಂತಿದೆ. ಗಾಬರಿಯಿಂದ ಗಂಡನಿಗೆ ಫೋನ್ ಮಾಡಿದಳು.

"ನಂದೂ ಕೂಗ್ತು ಕಣೇ. ಶೆಡ್ಡಲ್ಲೇ ಇದೀನಿ, ಫ್ಯೂಸ್ ಹಾಕ್ತಿದೀನಿ. ನೀನು ಮಗಳ ಕಡೆ ನೋಡು."

ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ನರ್ಸ್ ಬಂದು ಮಗುವನ್ನು ಅವಳ ಕೈಗೇ ಮೊದಲು ಕೊಟ್ಟರು.

ನಿಮ್ಮಲ್ಲೂ ನಾಲ್ಕು ಮೂಲೆಗೆ ನಾಲ್ಕು ಮೀಟರುಗಳಿವೆಯೇ? ಬಲ್ಲವರನ್ನು ಕರೆಸಿ, ಒಂದೇ ಕಡೆ ಸೇರಿಸಿ. ಸೆನ್ಸರನ್ನು ಇರಬೇಕಾದ ಜಾಗದಲ್ಲೇ ಇಡಿ, ಆಗಾಗ ಪರೀಕ್ಷಿಸಿ. ಎಚ್ಚರಿಕೆಯ ಕೂಗು ಮನೆಯ ಇಬ್ಬರ ಫೋನಿಗಾದರೂ ಬರಲಿ. ನಿಮ್ಮ ದಾರಿ ಕಾಯುತ್ತಿರುವವರನ್ನು ಇನ್ನಷ್ಟು ಕಾಯಿಸಬೇಡಿ.