ಕೊನೆಗೆ ಬಂದವರು ಡಸ್ಟರ್ ಬಡಿಯಬೇಕು

ಟೀಚರ್ ನೀರಿನ ಬಾಟಲಿಯ ತಳ ಕತ್ತರಿಸಿ, ಬಾಯಿಂದ ಒಳಕ್ಕೊಂದು ಬಲೂನು ಇಳಿಬಿಟ್ಟು, ತಳಕ್ಕೆ ಇನ್ನೊಂದು ಬಲೂನಿನ ರಬ್ಬರು ಬಿಗಿದು ತಂದಿದ್ದಳು. ಎರಡನೇ ತರಗತಿಯ ಮಕ್ಕಳು ಬೆಂಚು ಬಿಟ್ಟು ಮೇಜಿಗೇ ಮುತ್ತಿಕೊಂಡವು.

"ಒಳಗಿನ ಬಲೂನು ನಿಮ್ಮ ಶ್ವಾಸಕೋಶ. ಕೆಳಗಿನ ರಬ್ಬರು ಎದೆಯ ಅಡಿಯಲ್ಲಿರೋ ಪರದೆ. ಈಗ ನೋಡಿ."

ರಬ್ಬರನ್ನು ಕೆಳಕ್ಕೆ ಜಗ್ಗಿದಳು. ಒಳಗಿನ ಬಲೂನು ಉಬ್ಬಿತು.

"ಯಾರೂ ಊದಲೇ ಇಲ್ವಲ್ಲ!" ಎಂದ ಒಬ್ಬ ತುಂಟ.

"ಊದೋದೇ ಬೇಡ ಕಣೋ. ಒಳಗೆ ಜಾಗ ಆದ್ರೆ ಗಾಳಿ ತಾನೇ ಬರುತ್ತೆ."

ಎಲ್ಲರೂ ಗುಬ್ಬಿ ಎಂದು ಕರೆಯುವ ಸಣಕಲು ಹುಡುಗಿ ಬಾಟಲಿಯ ಬಾಯಿಗೆ ಬೆರಳು ಒತ್ತಿ, ತಾನೇ ರಬ್ಬರು ಜಗ್ಗಿದಳು. ಬಲೂನು ಮುದುಡಿಕೊಂಡೇ ಇತ್ತು.

"ನನಗೂ ಹೀಗೇ ಆಗುತ್ತೆ ಟೀಚರ್. ಡಸ್ಟರ್ ಬಡಿದ ಮೇಲೆ."

"ನೀನ್ಯಾಕಮ್ಮಾ ಡಸ್ಟರ್ ಬಡೀತೀಯ?"

ಟೀಚರ್ ಆ ಶಾಲೆಗೆ ಹೊಸಬಳು. ಮಕ್ಕಳೇ ಬಿಡಿಸಿ ಹೇಳಿದವು. ಡ್ರಿಲ್ ಮಾಸ್ತರು ದಿನಾ ಓಡಿಸುವ ಓಟದಲ್ಲಿ ಕೊನೆಗೆ ಬಂದವರು ಎಲ್ಲ ತರಗತಿಗಳ ಡಸ್ಟರನ್ನೂ ಗೋಡೆಗೆ ಬಡಿದು ಸೀಮೆಸುಣ್ಣದ ಪುಡಿ ಉದುರಿಸಬೇಕು. ಗುಬ್ಬಿ ಕೆಮ್ಮುತ್ತಾಳೆ, ಹಿಂದೆ ಬೀಳುತ್ತಾಳೆ. ಪುಡಿ ಕುಡಿದು ಮರುದಿನ ಇನ್ನೂ ಕೆಮ್ಮುತ್ತಾಳೆ, ಮತ್ತೆ ಕೊನೆ.

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಡ್ರಿಲ್ ಮಾಸ್ತರು ಬಕೆಟ್ ತುಂಬ ಡಸ್ಟರ್ ಹಿಡಿದು ಬಾಗಿಲಿಗೇ ಬಂದರು.

"ಎಲ್ಲಿ ನಮ್ಮ ಆಮೆ? ಕೆಲಸ ಕಾಯ್ತಾ ಇದೆ."

"ಅವಳು ಬರಲ್ಲ. ಅವಳಿಗೆ ಉಬ್ಬಸ ಇದೆ."

"ಸೋಮಾರಿಗಳಿಗೆಲ್ಲ ಏನಾದರೊಂದು ಇರುತ್ತೆ ಟೀಚರಮ್ಮ. ಇವಳ ತಾಯಿನೂ ಬಂದು ಇದೇ ರಾಗ ಎಳೆದ್ರು. ಮುದ್ದು ಕಡಿಮೆ ಮಾಡಿ, ಸರಿಹೋಗ್ತಾಳೆ ಅಂತ ಹೇಳಿ ಕಳಿಸಿದೆ."

ಟೀಚರ್ ಚೀಲದಿಂದ ಜ್ಯೂಸ್ ಕುಡಿಯುವ ಸಣ್ಣ ಸ್ಟ್ರಾ ತೆಗೆದಳು.

"ಮೂಗು ಹಿಡ್ಕೊಂಡು, ಇದರಲ್ಲೇ ಉಸಿರಾಡ್ತಾ ಮಕ್ಕಳ ಜೊತೆ ಗೇಟಿನವರೆಗೂ ಓಡಿ ಬನ್ನಿ. ನಿಮಗೇನು, ದಿನಾ ಓಡೋ ಮೈ."

"ಓಡಿ ಸಾರ್! ಓಡಿ ಸಾರ್!" ಎಂದು ಮಕ್ಕಳು ಕುಣಿದವು. ಬೇಡವೆಂದರೆ ಮಾಸ್ತರ ಜಂಬಕ್ಕೆ ಪೆಟ್ಟು. ನಕ್ಕು, ಮೂಗು ಹಿಡಿದು, ಸ್ಟ್ರಾ ಕಚ್ಚಿಕೊಂಡು ಮಕ್ಕಳ ಜೊತೆ ಹೊರಟರು.

ಹೋಗುವಾಗ ಚೆನ್ನಾಗಿಯೇ ಓಡಿದರು. ಗೇಟು ಮುಟ್ಟಿ ತಿರುಗಿದವರು ನಲ್ಲಿಯ ಹತ್ತಿರ ನಿಂತು, ಸ್ಟ್ರಾ ಕಿತ್ತೆಸೆದು, ಬಾಯಿ ಅಗಲಿಸಿ ಗಾಳಿ ಎಳೆದರು. ಅವರು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಕೊನೆಯ ಮಗುವೂ ಮೆಟ್ಟಿಲು ಹತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಗುಬ್ಬಿ ಹೇಳಿದಳು, "ನೀವು ಸ್ಟ್ರಾ ತೆಗೆದುಬಿಟ್ರಿ ಸಾರ್. ನನಗೆ ತೆಗೆಯೋಕೆ ಬರಲ್ಲ."

ಮಾಸ್ತರ ಮುಖ ಕೆಂಪಗಾಯಿತು. "ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೀತೀರಾ?"

"ನಿಮ್ಮದು ಇವತ್ತೊಂದು ದಿನ. ಈ ಮಗುವಿನದು ದಿನಾ ತೆಗೀತಿದ್ರಲ್ಲ, ಉಸಿರಿನ ಸಮೇತ!" ಟೀಚರ್ ಕಾಲಿನಿಂದ ಬಕೆಟ್ಟನ್ನು ಅವರತ್ತ ತಳ್ಳಿದಳು. "ಕೊನೆಗೆ ಬಂದವರು ಯಾರು ಮಾಸ್ತರೇ?"

ಮಕ್ಕಳ ಬೆರಳುಗಳೆಲ್ಲ ಮಾಸ್ತರತ್ತ ತಿರುಗಿದವು. ಮಾಸ್ತರು ಬಕೆಟ್ ಎತ್ತಿಕೊಂಡು ಹಿತ್ತಿಲ ಗೋಡೆಯತ್ತ ನಡೆದರು. ಸ್ವಲ್ಪ ಹೊತ್ತಿಗೆ ಟಪ್ ಟಪ್ ಸದ್ದು ಶುರುವಾಯಿತು, ಅದರ ನಡುವೆ ಒಂದು ಕೆಮ್ಮು.

ಟೀಚರ ಸಿಟ್ಟು ಇಳಿಯಲಿಲ್ಲ. ಆ ಬದಿಯ ಕಿಟಕಿಗಳನ್ನೆಲ್ಲ ದಡದಡ ಮುಚ್ಚಿದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಗುಬ್ಬಿಯ ಕೈ.

"ಎಲ್ಲಿಗೆ ಟೀಚರ್?"

"ಹೆಡ್‌ಮಿಸ್ ಹತ್ರ. ಬೋರ್ಡನ್ನ ಒದ್ದೆ ಬಟ್ಟೇಲೂ ಒರೆಸಬಹುದು, ಡಸ್ಟರ್ ಬಡಿಯೋದೇ ಬೇಡ ಅಂತ ತೋರಿಸೋಣ."

ಹೆಡ್‌ಮಿಸ್ ಕೋಣೆಯ ಬಾಗಿಲು ತಟ್ಟುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.