ಸೈಲೆನ್ಸರ್ ಕಳಚಿದ ಗರಗಸ

ಪಿಳ್ಳಣ್ಣನಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ಜಯನಗರದ ನಮ್ಮ ಮನೆಯ ಗೇಟಿನ ಮುಂದೆ ನಿಂತು ಅವನು "ಸಾರ್, ಕುಡಿಯೋಕೆ ಒಂದಿಷ್ಟು ನೀರು" ಎಂದರೆ ಹಿಂದಿನ ಬೀದಿಯವರೂ ಕಿಟಕಿಯಿಂದ ಇಣುಕುತ್ತಿದ್ದರು. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ, ದೇವರ ಎದುರಿನಲ್ಲಿ, ಎಲ್ಲೆಡೆಯೂ ಅದೇ ಏರುದನಿ. ಗುರುತಿಲ್ಲದವರು ಜಗಳಗಂಟನೆಂದುಕೊಳ್ಳುತ್ತಿದ್ದರು. ಹತ್ತು ವರ್ಷ ಅವನನ್ನು ಕಂಡ ನಾನು ಹೇಳುತ್ತೇನೆ, ಅಷ್ಟು ಸಾಧುವಾದ ಮನುಷ್ಯರು ನಮ್ಮ ಬಡಾವಣೆಯ ವಿದ್ಯಾವಂತರಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು. ಅವನ ಮಾತು ಅವನ ಕಿವಿಗೇ ಮುಟ್ಟುತ್ತಿರಲಿಲ್ಲ, ಅಷ್ಟೇ.

ಊರು ಕೋಣನಕುಂಟೆ, ಮರ ಕಡಿಯುವುದು ತಂದೆಯಿಂದ ಬಂದ ಕಸುಬು. ಚೈತ್ರದ ಬಿಸಿಲಿನಲ್ಲೂ ಮೈಮೇಲೊಂದು ದಪ್ಪ ಖಾಕಿ ಕೋಟು. ಅದರ ಬಲತೋಳಿನಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಸಾಲಾಗಿ ಸುಟ್ಟ ತೂತುಗಳು. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡುವುದು ಅವನ ವಾಡಿಕೆ. ಬಸ್ಸಿನ ಹಾರನ್ ಕೇಳಿಸದವನ ಎಚ್ಚರಿಕೆಯಿರಬೇಕೆಂದು ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಅವನ ದೃಷ್ಟಿ ರಸ್ತೆಯ ಮೇಲೆ ಬೀಳುತ್ತಿರಲಿಲ್ಲ. ಅವನಿಗಿಂತ ಗೇಣುದ್ದ ಎತ್ತರದ ಒಬ್ಬ ಮನುಷ್ಯ ಹಿಂದೆ ನಿಂತಿದ್ದರೆ ಅವನ ಮುಖ ಎಲ್ಲಿರುತ್ತಿತ್ತೋ ಅಲ್ಲಿ, ಬರಿಯ ಗಾಳಿಯಲ್ಲಿ, ಅದು ಒಂದು ಕ್ಷಣ ನೆಟ್ಟು ನಿಲ್ಲುತ್ತಿತ್ತು. ಆಮೇಲೆ ಅವನು ಮತ್ತೆ ನಡೆಯುತ್ತಿದ್ದ.

ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ದಕ್ಷಿಣದ ತೋಪುಗಳೆಲ್ಲ ಸೈಟುಗಳಾಗಲು ಹೊರಟಿದ್ದವು. ಜೆ.ಪಿ. ನಗರ, ಬನಶಂಕರಿಯ ಕಡೆ ಎಲ್ಲಿ ನೋಡಿದರೂ ಸುಣ್ಣದ ಗೆರೆ, ಗೆರೆಯ ನಡುವೆ ಅಡ್ಡ ನಿಂತ ಮರ. ಆಗ ಪಿಳ್ಳಣ್ಣ ಕೊಡಗಿನ ತೋಟವೊಂದರಿಂದ ಹರಾಜಿಗೆ ಬಂದ ಪೆಟ್ರೋಲಿನ ಗರಗಸವೊಂದನ್ನು ತಂದ. ಯಾವ ದೇಶದ್ದೋ, ಹೆಸರಿನ ಅಕ್ಷರಗಳು ಮಾಸಿಹೋಗಿದ್ದವು. ಅದನ್ನು ಎಲ್ಲರೂ ಮಿಷನ್ನು ಎಂದೇ ಕರೆದರು. ತಂದ ಹೊಸದರಲ್ಲಿ ಅದು ನಮ್ಮ ಮರಗಳಿಗೆ ಹೆದರಿತು. ಹುಣಸೆಯ ಒಳಗಿನ ಗಟ್ಟಿ ಚೇಗಿಗೆ ಸಿಕ್ಕಿದರೆ ಉಸಿರು ಕಟ್ಟಿ ನಿಂತುಬಿಡುತ್ತಿತ್ತು.

ಅದಕ್ಕೆ ಮದ್ದು ಮಾಡಿದವನು ತಿಲಕ್ ನಗರದ ಮೆಕ್ಯಾನಿಕ್ ವೆಂಕಟಸ್ವಾಮಿ. ಯಾವ ಯಂತ್ರವನ್ನೂ ಕಂಪನಿ ಕಳಿಸಿದ ರೂಪದಲ್ಲಿ ಬಿಟ್ಟವನಲ್ಲ ಆತ. ಹೊಗೆ ಹೊರಬರುವ ರಂಧ್ರವನ್ನು ಅರದಿಂದ ಉಜ್ಜಿ ಅಗಲ ಮಾಡಿದ. ಸರಪಳಿಯ ಪ್ರತಿ ಹಲ್ಲಿನ ಮುಂದೆಯೂ ಕಚ್ಚು ಆಳಕ್ಕಿಳಿಯದಂತೆ ತಡೆಯುವ ಒಂದು ಸಣ್ಣ ದಿಣ್ಣೆಯಿರುತ್ತದೆ, ಅದನ್ನು ತಗ್ಗಿಸಿದ. ಕೊನೆಗೆ ಸೈಲೆನ್ಸರ್ ಡಬ್ಬಿಯನ್ನೇ ಕಳಚಿ ಆ ಜಾಗಕ್ಕೆ ನಾಲ್ಕು ಬೆರಳುದ್ದದ ಬರಿಯ ಕೊಳವೆ ಕೂರಿಸಿದ. ಗುಣ ಕಾಣಿಸದೆ ಇರಲಿಲ್ಲ. ಇಂಜಿನ್ನಿನ ಉಸಿರು ಬಿಚ್ಚಿಕೊಂಡಿತು, ತೂಕ ಇಳಿಯಿತು, ಅರ್ಧ ಗಂಟೆ ತಿನ್ನುತ್ತಿದ್ದ ಬೊಡ್ಡೆ ಹತ್ತು ನಿಮಿಷಕ್ಕೆ ತುಂಡಾಗತೊಡಗಿತು. ದಿನಕ್ಕೊಂದು ಮರ ಕೆಡವುತ್ತಿದ್ದವನು ಮೂರು ಕೆಡವಿದ. "ಈಗ ನೋಡಿ ಸಾರ್, ಬೆಣ್ಣೇಲಿ ಚಾಕು ಆಡ್ದಂಗೆ" ಎಂದು ಅವನು ಹೇಳಿದಾಗ ಅವನ ಮುಖದಲ್ಲಿ ಕಂಡ ಹಿಗ್ಗು ನನಗಿನ್ನೂ ನೆನಪಿದೆ. ಆ ಹಿಗ್ಗನ್ನು ನಾನು ಮತ್ತೆ ಕಾಣಲಿಲ್ಲ.

ದೋಷಗಳೂ ಒಂದೊಂದಾಗಿ ಹೊರಬಂದವು. ಕಾದ ಕೊಳವೆಯ ಉರಿ ಕೋಟಿನ ತೋಳನ್ನು ತಿಂದಿತು. ಕಚ್ಚು ಆಳವಾದಂತೆ ಗರಗಸ ಎದೆಯ ಕಡೆಗೆ ಎಗರಿ ಬೀಳುವುದನ್ನು ಕಲಿಯಿತು. ಸಂಜೆ ಅನ್ನ ಕಲಸುವಾಗ ಬೆರಳುಗಳು ತನ್ನವಲ್ಲವೆಂಬಂತೆ ಜೋಮು ಹಿಡಿದಿರುತ್ತಿದ್ದವು. ಎಲ್ಲಕ್ಕಿಂತ ಮಿಗಿಲಾದದ್ದು ಸದ್ದು. ಅದು ಶುರುವಾದರೆ ಕಾಗೆಗಳು ಆ ಮರವನ್ನಲ್ಲ, ಆ ಬೀದಿಯನ್ನೇ ಬಿಟ್ಟು ಹೋಗುತ್ತಿದ್ದವು. ನಾಯಿಗಳು ಬೊಗಳದೆ ಮೂಲೆ ಸೇರುತ್ತಿದ್ದವು. ಒಳಮನೆಯ ಸ್ಟೀಲು ಲೋಟಗಳು ತಾವಾಗಿ ಗುಣುಗುಟ್ಟುತ್ತಿದ್ದವು. ಈ ಹಾವಳಿಯ ವಿರುದ್ಧ ನಮ್ಮ ಬೀದಿಯವರು ಬರೆದ ಅರ್ಜಿಗೆ ನಾನೂ ರುಜು ಹಾಕಿದ್ದೆ. ಮುಂದೊಮ್ಮೆ ನನ್ನ ನೇರಳೆ ಮರವನ್ನು ಸಂಜೆಯೊಳಗೆ ಮುಗಿಸಿಬಿಡಪ್ಪ ಎಂದು ಅವನನ್ನೇ ಕರೆಸಿದವನೂ ನಾನೇ.

ಈ ಕಸುಬಿನಲ್ಲಿ ಕೂಗು ಕೊಡುವುದೆಂಬ ಒಂದು ಪದ್ಧತಿಯಿತ್ತು. ಬುಡ ಕೊಯ್ಯುವವನಿಗೆ ಬುಡವೊಂದೇ ಕಾಣುತ್ತದೆ. ಮರದ ತಲೆ ಯಾವ ಕಡೆ ವಾಲುತ್ತಿದೆಯೆಂಬುದು ಕಾಣುವುದು ದೂರದಲ್ಲಿ ಹಗ್ಗ ಹಿಡಿದು ನಿಂತವನಿಗೆ. ಆದ್ದರಿಂದ ಹಗ್ಗದವನು ಕ್ಷಣಕ್ಷಣಕ್ಕೂ ಕೂಗು ಕೊಡುತ್ತಿರಬೇಕು, ಕೊಯ್ಯುವವನು ಹೂಂಗುಡುತ್ತಿರಬೇಕು. ಕೂಗು ನಿಂತರೂ, ದನಿ ಬದಲಾದರೂ, ಗರಗಸ ನಿಲ್ಲಬೇಕು. ಪಿಳ್ಳಣ್ಣನ ಹಗ್ಗದವನು ಅವನ ಹೆಂಡತಿ ಈಶ್ವರಮ್ಮನ ಒಡಹುಟ್ಟಿದ ತಮ್ಮ ಸಂಜೀವಯ್ಯ. ಭಾವನಿಗಿಂತ ಗೇಣುದ್ದ ಎತ್ತರದ ಆಳು. ಅವನ ಕೂಗು "ಬಾವಾ" ಎಂಬ ಒಂದೇ ಮಾತು, ಕೊನೆಯ ಅಕ್ಷರವನ್ನು ಹಗ್ಗದಷ್ಟೇ ಉದ್ದಕ್ಕೆ ಎಳೆದು. ಕೊಳವೆ ಬಂದ ಮೇಲೆ ಆ ಕೂಗು ಸದ್ದಿನಲ್ಲಿ ಮುಳುಗಿತು. ಅದರ ಬದಲು ಅವನು ಟವೆಲ್ ಬೀಸುವುದೆಂದೂ, ಇವನು ಆಗಾಗ ತಲೆಯೆತ್ತಿ ನೋಡುವುದೆಂದೂ ಇಬ್ಬರೂ ಒಪ್ಪಿಕೊಂಡರು. ಕೈಯಲ್ಲಿ ಹಗ್ಗವಿರುವವನು ಟವೆಲ್ ಬೀಸುವುದು ಹೇಗೆಂದು ಯಾರೂ ಯೋಚಿಸಲಿಲ್ಲ.

ಎಪ್ಪತ್ತೆಂಟರಲ್ಲಿ ಜೆ.ಪಿ. ನಗರದ ಒಂದು ಹುಣಸೆ ಮರ, ಒಳಗೆಲ್ಲ ಪೊಟರೆ ಬಿದ್ದದ್ದು, ತಿರುಚಿಕೊಂಡು ಹಗ್ಗದ ಕಡೆಗೇ ಬಂತು. ಸಂಜೀವಯ್ಯ ಅದರ ಕೆಳಗೆ ಸಿಕ್ಕಿ ತೀರಿಹೋದ. ಹಗ್ಗ ಜಾರಿತು, ಕೂಗುವಷ್ಟು ಹೊತ್ತೂ ಅವನಿಗೆ ಸಿಗಲಿಲ್ಲ ಎಂದು ಪಿಳ್ಳಣ್ಣ ಎಲ್ಲರಿಗೂ ಹೇಳಿದ. ಈಶ್ವರಮ್ಮನಿಗೂ ಹಾಗೆಯೇ ಹೇಳಿದ. ಬಾಯಿ ತೆರೆಯುವ ಮೊದಲೇ ಜೀವ ಹೋಯಿತಲ್ಲ, ನೋವು ತಿನ್ನಲಿಲ್ಲವಲ್ಲ ಎಂಬುದೊಂದೇ ಆ ಹೆಣ್ಣುಮಗಳ ಸಮಾಧಾನವಾಗಿತ್ತು. ಕಂಡವರೊಡನೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದಳು.

ಒಂದು ವರ್ಷ ಅವನು ಮಿಷನ್ನನ್ನು ಮುಟ್ಟಲಿಲ್ಲ, ಕೊಡಲಿಯಲ್ಲೇ ಜೀವನ ನೂಕಿದ. ಬೇರೆಯವರೂ ಮಿಷನ್ನು ತಂದ ಮೇಲೆ ಕೊಡಲಿಗೆ ಕರೆ ಬರುವುದು ನಿಂತಿತು. ಅವನು ಮತ್ತೆ ಅದನ್ನೇ ಕೈಗೆತ್ತಿಕೊಂಡ. ಮುಂದಿನದನ್ನು ನನಗೆ ಹೇಳಿದವನು ಹೊಸದಾಗಿ ಹಗ್ಗಕ್ಕೆ ಬಂದ ದೇವದಾಸ್. ಬನಶಂಕರಿಯಲ್ಲಿ ಮೊದಲ ಮರ, ನಡುಮಧ್ಯಾಹ್ನ, ನೆರಳು ಕಾಲಡಿಯಲ್ಲಿ ಮುದುಡಿದ ಹೊತ್ತು. ಬೊಡ್ಡೆ ಮುಕ್ಕಾಲು ಕೊಯ್ದಿದ್ದ ಪಿಳ್ಳಣ್ಣ ಇದ್ದಕ್ಕಿದ್ದಂತೆ ಮಿಷನ್ನು ನಿಲ್ಲಿಸಿ ತಲೆಯೆತ್ತಿ "ಯಾಕ್ಲಾ ಕರ್ದೆ?" ಎಂದ.

"ನಾನ್ ಬಾಯೇ ಬಿಟ್ಟಿಲ್ಲ ಕಣಣ್ಣ" ಎಂದ ದೇವದಾಸ್.

ಪಿಳ್ಳಣ್ಣ ಎದ್ದು ಬೊಡ್ಡೆಯ ಆಚೆ ಮಗ್ಗುಲಿಗೆ ಹೋಗಿ ನೋಡಿದ. ಅಲ್ಲಿ ಆಳೆತ್ತರದ ಸೀಳು ಬಿಟ್ಟಿತ್ತು. ಇನ್ನೆರಡು ಅಂಗುಲ ಕೊಯ್ದಿದ್ದರೆ ಮರ ಅವರಿಬ್ಬರಲ್ಲಿ ಒಬ್ಬರನ್ನು ಬಿಡುತ್ತಿರಲಿಲ್ಲ. ಅಂದಿನಿಂದ ಅದು ಆಗಾಗ ನಡೆಯಿತು. ಕಾರಣವಿಲ್ಲದೆ ಗರಗಸ ನಿಲ್ಲುವುದು, ಪಿಳ್ಳಣ್ಣನ ತಲೆ ಹಗ್ಗದ ದಿಕ್ಕಿಗೆ ತಿರುಗುವುದು, ಹುಡುಕಿದರೆ ಒಂದು ಬಿರುಕೋ, ಮಗುವೊಂದು ನುಸುಳಿ ಬಂದಿರುವುದೋ ಕಾಣುವುದು. ಅವನ ಕೈಕೆಳಗೆ ಮತ್ತೆ ಒಂದು ಕೂದಲೂ ಕೊಂಕಲಿಲ್ಲ. ಅತಿ ಕ್ಷೇಮದ ಕೆಲಸಗಾರನೆಂದು ಕಂಟ್ರಾಕ್ಟರುಗಳು ಅವನನ್ನು ಹುಡುಕಿಕೊಂಡು ಬಂದರು.

ಅಷ್ಟರಲ್ಲಿ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಉಳಿಯಬೇಕಾದರೆ ಆ ಸದ್ದಿನಿಂದ ದೂರವಿರಬೇಕೆಂದು ಡಾಕ್ಟರು ಈಶ್ವರಮ್ಮನಿಗೆ ಬಿಡಿಸಿ ಹೇಳಿದ್ದರು. ಮಿಷನ್ನು ಬಿಡು ಎಂದು ಅವಳೂ ಹೇಳಲಿಲ್ಲ, ಡಬ್ಬಿ ಹಾಕಿಸು ಎಂದಷ್ಟೇ ಗಂಟುಬಿದ್ದಳು. ಕಾಟ ತಾಳಲಾರದೆ ಅವನು ಒಮ್ಮೆ ಹಾಕಿಸಿದ. ಮಾರನೆಯ ದಿನ ಒಂದು ಮರವನ್ನು ಅರ್ಧ ಕೊಯ್ದು, ಗರಗಸ ನೆಲಕ್ಕಿಟ್ಟು, ಕೋಟು ಒದ್ದೆಯಾಗುವಷ್ಟು ಬೆವತು, ಮತ್ತೆ ಅದನ್ನೇ ಹೆಗಲಿಗೇರಿಸಿ ತಿಲಕ್ ನಗರದವರೆಗೆ ನಡೆದುಹೋದ. ವೆಂಕಟಸ್ವಾಮಿಯ ಎದುರು ನಿಂತು ಅವನು ಹೇಳಿದ್ದು ಇಷ್ಟೇ: "ಇದ್ನ ಬಿಚ್ಚು. ಒಳ್ಗೆ ಯಾರೂ ಇಲ್ಲ." ವೆಂಕಟಸ್ವಾಮಿ ಇದನ್ನು ನನಗೆ ಹೇಳುವಾಗ ನಗಲು ನೋಡಿದ. ನಗು ಬರಲಿಲ್ಲ.

ಎಂಬತ್ತನಾಲ್ಕರ ಬೇಸಗೆಯಲ್ಲಿ ನಮ್ಮ ನೇರಳೆಯ ಬೇರು ನೀರಿನ ಸಂಪನ್ನು ಒಡೆದಿತ್ತು. ಪಿಳ್ಳಣ್ಣ ಬೆಳಿಗ್ಗೆ ಕೊಂಬೆ ಸವರಿ, ಊಟದ ಹೊತ್ತಿಗೆ ಕಾಂಪೌಂಡಿನ ನೆರಳಲ್ಲಿ ಕೂತ. ಈಶ್ವರಮ್ಮ ಬುತ್ತಿ ತಂದಿದ್ದಳು. ಅದರ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಸೈಲೆನ್ಸರ್ ಡಬ್ಬಿಯನ್ನೂ. ವೆಂಕಟಸ್ವಾಮಿಯ ಅಂಗಡಿಯಲ್ಲಿ ತಾನೇ ಹೋಗಿ ಕೇಳಿ ತಂದದ್ದು. ಅವನ ಎಡಗಿವಿಗೆ ಬಾಯಿ ಹಚ್ಚಿ, "ಇವತ್ತು ಹಾಕುಸ್ದೆ ಇದ್ರೆ ನಾನ್ ಇಲ್ಲಿಂದ ಏಳಾಕಿಲ್ಲ" ಎಂದಳು. ನಾನು ವರಾಂಡದಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ.

ಪಿಳ್ಳಣ್ಣ ಮುದ್ದೆಯ ತುತ್ತನ್ನು ಕೆಳಗಿಟ್ಟ. ಆಮೇಲೆ ಅವಳ ಕಡೆಗೆ ಬಾಗಿ, ಗಂಡ ಹೆಂಡತಿಗೆ ಗುಟ್ಟು ಹೇಳುವ ಭಂಗಿಯಲ್ಲಿ ಕೈ ಅಡ್ಡ ಹಿಡಿದು, ಪಿಸುಗುಟ್ಟುತ್ತಿದ್ದೇನೆಂದೇ ನಂಬಿ, ಇಡೀ ಬೀದಿಗೆ ಕೇಳುವಂತೆ ಹೇಳಿದ:

"ಸಂಜೀವ ಕೂಗ್ದ ಕಣಮ್ಮಿ. ನಾನ್ ತಲೆಯೆತ್ತಿ ನೋಡ್ದಾಗ ಬಾಯಿ ತೆರ್ದಿತ್ತು, ಕುತ್ಗೆ ನರ ಉಬ್ಬಿತ್ತು. ಅದೆಷ್ಟೊತ್ತಿಂದ ಕೂಗ್ತಿದ್ನೋ. ಹಗ್ಗ ಬಿಟ್ಟು ಓಡ್ಬೋದಿತ್ತು. ಬಿಟ್ಟಿದ್ರೆ ಮರ ನನ್ ಮ್ಯಾಲೆ ಬರ್ತಿತ್ತು, ಅದ್ಕೇ ಬಿಡ್ನಿಲ್ಲ. ಮಿಷನ್ನು ಚೆನ್ನಾಗಿ ಓಡ್ತಿತ್ತು ಅಂತ ನಾನೇ ಅಲ್ಲೀಗಂಟ ನೋಡ್ನಿಲ್ಲ. ಆವತ್ತು ಕೇಳ್ದೇ ಇದ್ದ ಕೂಗು ಈಗ ಬರ್ತದೆ. ಈ ಕೊಳವೆ ಇದ್ರೇನೆ ಬರ್ತದೆ."

ಎದುರುಮನೆಯ ಕಿಟಕಿಯಲ್ಲಿ ಎರಡು ಮುಖ ಕಂಡವು, ಕೂಡಲೇ ಮರೆಯಾದವು. ನನ್ನ ಕೈಯ ಪತ್ರಿಕೆಯನ್ನು ಮಡಿಸುವುದಕ್ಕೂ ನನಗೆ ಧೈರ್ಯವಾಗಲಿಲ್ಲ. ಆರು ವರ್ಷ ಹಿಡಿದಿಟ್ಟುಕೊಂಡಿದ್ದ ಒಂದೇ ಸಮಾಧಾನವನ್ನು ಆ ಹೆಂಗಸಿನಿಂದ ನನ್ನ ಕಣ್ಣೆದುರಿಗೇ ಕಿತ್ತುಕೊಂಡಂತಾಗಿತ್ತು. ಅವಳು ಅಳುತ್ತಾಳೆ, ಇಲ್ಲವೆ ಅವನನ್ನು ಹೊಡೆಯುತ್ತಾಳೆ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು, ಅವನ ಎಡಗಿವಿಗೆ ಬಾಗಿದಳು.

"ನನ್ನ ಏನಾರ ಕೇಳ್ತಾನಾ?"

"ಇಲ್ಲ. ಬಾವಾ ಅಂತಾನೆ, ಅಷ್ಟೇಯ."

ಅವಳು ಡಬ್ಬಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ತಳ್ಳಿ, "ಹಂಗಾದ್ರೆ ಹಾಕುಸ್ಬ್ಯಾಡ" ಎಂದಳು. "ಇನ್ನೊಂದು ಕಿವೀನೂ ಹೋಗ್ಲಿ. ಹೋಗೋಗಂಟ ಕೇಳು."

ಅದರಲ್ಲಿ ಕ್ಷಮೆ ಎಷ್ಟು, ಶಿಕ್ಷೆ ಎಷ್ಟು ಎಂದು ನಾನು ಇಂದಿಗೂ ಬೇರ್ಪಡಿಸಲಾರೆ. ಪಿಳ್ಳಣ್ಣ ಮುದ್ದೆ ಮುಗಿಸಿ, ಕೈತೊಳೆದು, ಕೋಟಿನ ಗುಂಡಿ ಹಾಕಿಕೊಂಡು ಎದ್ದ. ದೇವದಾಸ್ ಹಗ್ಗ ಹಿಡಿದು ಗೇಟಿನಾಚೆ ನಿಂತ. ಈಶ್ವರಮ್ಮ ಹೋಗಲಿಲ್ಲ, ಗೋಡೆಗೆ ಒರಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣುಮುಚ್ಚಿ ನಿಂತಳು. ಗರಗಸ ಗರ್ಜಿಸಿತು. ಕಿಟಕಿಯ ಗಾಜು ನಡುಗಿತು, ಕಾಗೆಗಳು ಹೋದವು, ಬೀದಿಯಲ್ಲಿ ಆ ಸದ್ದಿನ ಹೊರತು ಏನೂ ಉಳಿಯಲಿಲ್ಲ. ನಾನೂ ಕಿವಿಗೊಟ್ಟು ಕೇಳಿದೆ. ನನಗೆ ಕೇಳಿಸಿದ್ದು ಇಂಜಿನ್ನಿನ ಅಬ್ಬರವೊಂದೇ, ಅದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಥಟ್ಟನೆ ಅವಳು ಕಣ್ಣು ತೆರೆದು ಗೇಟಿನ ಕಡೆ ತಿರುಗಿದಳು. ದೇವದಾಸನ ತಲೆಯಿಂದ ಗೇಣುದ್ದ ಮೇಲೆ ಅವಳ ನೋಟ ನಿಂತಿತು. ಪಿಳ್ಳಣ್ಣ ಗರಗಸ ನಿಲ್ಲಿಸಿದ್ದು ಅದಾದ ಮೇಲೆ.

ಮರದಲ್ಲಿ ಬಿರುಕೇನೂ ಇರಲಿಲ್ಲ. ದಾರಿಯಲ್ಲಿ ಯಾವ ಮಗುವೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಮತ್ತೆ ಕೆಲಸಕ್ಕೆ ಬಾಗಿದ.

ಎರಡು ವರ್ಷದಲ್ಲಿ ಎಡಗಿವಿಯೂ ಹೋಯಿತು. ಅವನು ಮಿಷನ್ನನ್ನು ಮಾರಿ ಕೋಣನಕುಂಟೆಯಲ್ಲಿ ಕೂತನೆಂದು ಕೇಳಿದೆ. ನನ್ನಂಥವರಿಗೆ ತಪ್ಪಿನಿಂದ ದೂರ ಸರಿಯಲು ದಾರಿಗಳು ಬಹಳ. ವರ್ಗ ಮಾಡಿಸಿಕೊಳ್ಳುತ್ತೇವೆ, ಮನೆ ಬದಲಾಯಿಸುತ್ತೇವೆ, ಅವಸರ ಮಾಡಿದವರು ನಾವೂ ಅಲ್ಲವೇ ಎಂಬುದನ್ನು ಮರೆಯುತ್ತೇವೆ, ಏನೂ ಇಲ್ಲದಿದ್ದರೆ ಹೀಗೆ ನಾಲ್ಕು ಪುಟ ಬರೆದು ಹಗುರಾಗುತ್ತೇವೆ. ಕೈಕಸುಬಿನ ಜನಕ್ಕೆ ಈ ಸೌಕರ್ಯಗಳಿಲ್ಲ. ತಪ್ಪು ನಡೆದ ಕೆಲಸಕ್ಕೇ, ತಪ್ಪು ಮಾಡಿದ ಹತಾರವನ್ನೇ ಹೆಗಲಿಗೇರಿಸಿಕೊಂಡು, ಅವರು ಮತ್ತೆ ಹೊರಡಬೇಕು. ಅಂಥವರು ಯಾರ ಎದುರಿನಲ್ಲಾದರೂ ಕೈಮುಗಿದು ಕ್ಷಮೆ ಬೇಡಿದ್ದನ್ನು ನಾನು ಕಂಡಿಲ್ಲ. ಕರೆದಾಗ ಕೆಲಸ ನಿಲ್ಲಿಸಿ ತಿರುಗಿ ನೋಡಿದ್ದನ್ನು ಕಂಡಿದ್ದೇನೆ.