ಅಣ್ಣನ ಕೀಬೋರ್ಡು

ಕತ್ತರಿಸಲು ಹೋಗಿ ಇಡೀ ಚಿತ್ರವನ್ನೇ ಮಾಯ ಮಾಡಿಬಿಟ್ಟಳು ತಂಗಿ. ಅಣ್ಣನ ಕಂಪ್ಯೂಟರಿನ ಎಡಗಡೆ ಇದ್ದ ಮೌಸನ್ನು ಬಲಕ್ಕೆ ಎಳೆದುಕೊಂಡು, ತಾನು ದಿನಾ ಒತ್ತುವ ಕೀಯನ್ನೇ ಒತ್ತಿದ್ದಳು. ಪರದೆ ಕಪ್ಪಾಯಿತು.

“ಏನಾಯ್ತಮ್ಮಾ? ಹೊರಗೆ ಗಾಡಿ ಬಂದು ನಿಂತಿದೆ,” ಎಂದ ಬೆನ್ನ ಹಿಂದಿದ್ದ ಅಣ್ಣನ ಮೇಲಧಿಕಾರಿ. ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುವುದು ಗಡುವಪ್ಪ ಎಂದು. ಸಾವಿನ ಮನೆಗೆ ಬಂದರೂ ಗಡಿಯಾರ ನೋಡುವ ಚಾಳಿ ಬಿಟ್ಟಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಣ್ಣನನ್ನು ಮಲಗಿಸಿದ್ದರು. ತಲೆಯ ಬಳಿ ಇಡಲು ಅವನದೊಂದು ಫೋಟೋ ಇರಲಿಲ್ಲ. ಯಾರ್ಯಾರದೋ ಸಿನಿಮಾಗಳಿಂದ ತೆರೆಯ ಮೇಲೆ ಕಾಣಬಾರದ ಹಗ್ಗ, ತಂತಿ, ಕಂಬಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತ ಆಯಸ್ಸು ಕಳೆದವನು ತಾನು ಕ್ಯಾಮೆರಾದ ಮುಂದೆ ನಿಂತವನೇ ಅಲ್ಲ. ಸಿಕ್ಕಿದ್ದು ಆಫೀಸಿನ ಗುಂಪು ಚಿತ್ರವೊಂದೇ. ಅದರಿಂದ ಅವನನ್ನು ಬಿಡಿಸಿ ತೆಗೆಯಬೇಕು. ತಂಗಿಯೂ ಅದೇ ಕಸುಬಿನವಳು, ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆದರೆ ಈ ಕಂಪ್ಯೂಟರಿನ ಒಂದು ಕೀಯೂ ಅವಳ ಮಾತು ಕೇಳಲೊಲ್ಲದು. ಅಣ್ಣನಿಗಾಗಿ ಮಾಡಲು ಉಳಿದಿರುವುದು ಇದೊಂದೇ, ಇದೂ ಕೈತಪ್ಪಿದರೆ ಏನು ಗತಿ ಎಂದು ಅವಳು ಕಂಗಾಲಾದಳು.

“ಕೀಗಳನ್ನೆಲ್ಲ ತನಗೆ ಬೇಕಾದ ಹಾಗೆ ಬದಲಾಯಿಸ್ಕೊಂಡಿದಾನೆ. ಎಲ್ಲಾನೂ ಮೊದಲಿನ ಹಾಗೆ ಮಾಡೋ ಬಟನ್ ಇದೆಯಲ್ಲ, ಒತ್ತಿಬಿಡು. ನೆಟ್ಟಗಾಗುತ್ತೆ,” ಎಂದ ಗಡುವಪ್ಪ.

*

ಕೆಲಸ ಕಲಿಸಿದವನು ಅಣ್ಣನೇ. “ಕೈ ಕೀಯನ್ನ ಹುಡುಕ್ಕೊಂಡು ಹೋಗ್ಬಾರ್ದು ಕಣೇ, ಕೀನೇ ಕೈ ಹತ್ರ ಬರ್ಬೇಕು,” ಎನ್ನುತ್ತ ಅವಳ ಗಿಡ್ಡ ಬೆರಳುಗಳಿಗೆ ತಕ್ಕಂತೆ ಒಂದೊಂದೇ ಕೀಯನ್ನು ಹೊಂದಿಸಿಕೊಟ್ಟಿದ್ದ. “ಅಳತೆ ತಗೊಂಡು ಹೊಲಿದಿದೀನಿ, ದರ್ಜಿ ಕೂಲಿ ಎಲ್ಲಿ?” ಎಂದು ರೇಗಿಸಿದ್ದ.

ಅಂಥವನು ಹೋದ ವರ್ಷ ಕೈಬಿಟ್ಟ. ಅವಳು ತಿದ್ದುತ್ತಿದ್ದ ಸಿನಿಮಾ ದೃಶ್ಯವೊಂದು ಕೆಟ್ಟು, ಅವಳ ಕೆಲಸಕ್ಕೇ ಕುತ್ತು ಬಂದಿತ್ತು. “ಸ್ವಲ್ಪ ಕೂತು ಸರಿಮಾಡ್ಕೊಡೋ ಅಣ್ಣಾ” ಎಂದು ಅಂಗಲಾಚಿದಳು. ಅವನು ಜೇಬಿನಿಂದ ಕೈ ತೆಗೆಯಲೇ ಇಲ್ಲ. “ನಂಗೆ ಪುರುಸೊತ್ತಿಲ್ಲ” ಎಂದ. ಅಣ್ಣನಿಗೆ ಕೊಂಬು ಬಂದಿದೆ ಎಂದುಕೊಂಡು ಮಾತು ಬಿಟ್ಟವಳು, ಮತ್ತೆ ಈ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ.

*

ಮೆನುವಿನಲ್ಲಿ ತಡಕಾಡಿ ಚಿತ್ರವನ್ನು ಮರಳಿ ತಂದಳು. ಒಂದೊಂದೇ ಕೀ ಒತ್ತಿ ನೋಡಿದಳು. ಬಲಗಡೆಯವು ಒಂದೂ ಮಿಸುಕಲಿಲ್ಲ. ಎಡಮೂಲೆಯದನ್ನು ಒತ್ತಿದರೆ ಕತ್ತರಿ ಬಂತು. ಪಕ್ಕದ್ದು ಅಳಿಸುವುದು, ಅದರ ಕೆಳಗಿನದು ಉಳಿಸುವುದು. ಬೇಕಾದದ್ದೆಲ್ಲ ಒಂದು ಅಂಗೈಯಷ್ಟು ಜಾಗದಲ್ಲಿ, ಎಡಕ್ಕೇ, ಮೌಸ್ ಮೊದಲಿದ್ದ ಜಾಗಕ್ಕೆ ಅಂಟಿಕೊಂಡಂತೆ ಕೂತಿತ್ತು.

“ಅತ್ತಿಗೇ... ಅಣ್ಣನ ಬಲಗೈ?”

ಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋದ ವರ್ಷಾನೇ ಬಿದ್ದೇಹೋಗಿತ್ತು ಕಣೇ. ಅಂಗಿ ಗುಂಡೀನೂ ನಾನೇ ಹಾಕ್ತಿದ್ದೆ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ನಿನ್ ಹತ್ರಾನೂ. ಮೊನ್ನೆ ಮೊನ್ನೆ ಎಡಗೈನೂ ಸೋಲೋಕೆ ಶುರುವಾಯ್ತು. ಆಮೇಲೆ ಉಸಿರು...”

“ಕೈ ನಿಧಾನ ಅಂತ ದಿನಾ ಫೋನಲ್ಲಿ ಬೈತಿದ್ದೆನಲ್ಲಮ್ಮಾ,” ಎಂದ ಗಡುವಪ್ಪ. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

ತಂಗಿಗೆ ಹೋದ ವರ್ಷದ ಆ ದಿನ ನೆನಪಾಯಿತು. ಜೇಬಿನಲ್ಲಿ ಅಡಗಿದ್ದ ಆ ಕೈಯನ್ನು ಒಂದು ಸಲ ಹಿಡಿದು ಎಳೆದಿದ್ದರೂ ಸಾಕಿತ್ತು.

ಹೊರಗಿನಿಂದ ಹಾರ್ನ್ ಕೇಳಿಸಿತು. “ಹೋಗ್ಲಿ ಬಿಡೇ, ಫೋಟೋ ಇಲ್ಲದಿದ್ರೆ ಏನಾಯ್ತು,” ಎಂದಳು ಅತ್ತಿಗೆ.

“ಇಲ್ಲ ಅತ್ತಿಗೆ. ಒಂದು ಗಳಿಗೆ ಇರಿ ಅಂತ ಹೇಳಿ ಅವರಿಗೆ.”

ಗಡುವಪ್ಪ ಹೇಳಿದ್ದ ಆ ಬಟನ್ನನ್ನು ಅವಳು ಒತ್ತಲಿಲ್ಲ. ಮೌಸನ್ನು ಮತ್ತೆ ಎಡಕ್ಕೆ ಸರಿಸಿದಳು. ಅಣ್ಣ ಹೊಂದಿಸಿಟ್ಟ ಕೀಗಳ ಮೇಲೆಯೇ ತಡವರಿಸುತ್ತ, ತಪ್ಪುತ್ತ, ಅಳುತ್ತ, ಅವನ ಹೆಗಲ ಮೇಲಿದ್ದ ಯಾರದೋ ಕೈಯನ್ನು ಅಳಿಸಿದಳು, ಅಕ್ಕಪಕ್ಕದವರನ್ನು ಅಳಿಸಿದಳು. ಕೊನೆಗೆ ಅವನೊಬ್ಬನೇ ಉಳಿದ.

ಮೂಲೆಯ ಪ್ರಿಂಟರಿನಿಂದ ಬಿಸಿ ಹಾಳೆ ಹೊರಬಿತ್ತು. ಅತ್ತಿಗೆ ಅದನ್ನು ಎತ್ತಿಕೊಂಡಳು, ಆದರೆ ಅವಳ ಕಣ್ಣು ಫೋಟೋದ ಮೇಲಿರಲಿಲ್ಲ.

“ನಿನ್ನ ಬಲಗೈಗೆ ಏನಾಯ್ತೇ?”

ತಂಗಿ ತಲೆ ತಗ್ಗಿಸಿ ನೋಡಿದಳು. ಕೆಲಸವನ್ನೆಲ್ಲ ಅಣ್ಣನ ಹಾಗೆ ಎಡಗೈಯೊಂದರಲ್ಲೇ ಮುಗಿಸಿದ್ದಳು. ಬಲಗೈ, ಮೌಸ್ ಸರಿಸಿದಾಗಿನಿಂದಲೂ, ಅವಳ ತೊಡೆಯ ಮೇಲೆ, ಅಂಗೈ ಮೇಲಾಗಿ, ಸುಮ್ಮನೆ ಬಿದ್ದಿತ್ತು.